ನೀರಿನಲ್ಲಿ ಬಾಂದಗಲ್ಲು

ಮೊನ್ನೆ ಪಕ್ಕದ ಹೊಲದ ಹದ್ದಬಸ್ತಿಗೆ ಸರ್ವೆಯವರು ಬಂದಿದ್ದರು. ನಕಾಶೆ ಬಿಚ್ಚಿ ಹಳೆಯ ಬಾಂದಗಲ್ಲು ಹುಡುಕಿದರು. ಒಂದು ಕಲ್ಲು ಕಬ್ಬಿನ ಸಾಲಿನೊಳಗೆ ಹೂತುಹೋಗಿತ್ತು, ಇನ್ನೊಂದು ಬದುವಿನ ಬನ್ನಿಗಿಡದ ಬೇರಿಗೆ ಸಿಕ್ಕಿಕೊಂಡಿತ್ತು. ಅರ್ಧ ದಿನ ಹಿಡಿಯಿತು. ಕೊನೆಗೆ ಬದು ಎರಡು ಮೊಳ ಆಚೆ ಸರಿಯಿತು. ಎರಡೂ ಕಡೆಯವರು ಸಹಿ ಮಾಡಿ ಒಟ್ಟಿಗೇ ಚಹಾ ಕುಡಿದರು.

ಆ ಹೊಲದ ಕಾಕಾನ ಮಗ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕಿದ್ದಾನೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟು ಕೇಳಿದ: “ಅಲ್ರೀ ಮಾಸ್ತರ, ನಮ್ಮ ಹುಡುಗ ಫೋನಿನ್ಯಾಗ ಹೇಳ್ತಾನ, ಬೋಟು ಬ್ಯಾರೆ ರಾಜ್ಯದ ಹದ್ದಿನಾಗ ಹೋತಂತ ಹಿಡದು ನಿಲ್ಲಿಸಿದ್ರಂತ. ನೀರಾಗ ಹದ್ದು ಹ್ಯಾಂಗ ತಿಳೀತದ್ರೀ? ಬಾಂದಗಲ್ಲು ಎಲ್ಲಿ ಹುಗೀತಾರ?”

“ನೋಡಿ ಹೇಳ್ತೀನಿ ಕಾಕಾ” ಅಂದೆ. ಆ ಪ್ರಶ್ನೆ ಬೆನ್ನು ಬಿಡದೆ ಈ ವಹಿ ತುಂಬುತ್ತ ಬಂದಿದೆ.

*

ಕುಲಗೋಡದಿಂದ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ ಸುಮಾರು 150 ಕಿಲೋಮೀಟರು. ನಮ್ಮದು ಎರೆಮಣ್ಣು, ಕಬ್ಬು, ಗೋವಿನಜೋಳದ ಸೀಮೆ. ಮೊದಲು ಗೋಕಾಕ ತಾಲೂಕಿನಲ್ಲಿದ್ದೆವು, ಈಗ ಮೂಡಲಗಿಯಲ್ಲಿದ್ದೇವೆ. ಊರು ಇದ್ದಲ್ಲೇ ಇದೆ, ಗೆರೆ ಸರಿದಿದೆ. ಭೂಗೋಳ ಕಲಿಸುವಾಗ ಮಕ್ಕಳಿಂದ ಸಮುದ್ರಕ್ಕೆ ನೀಲಿ ಬಣ್ಣ ಹಚ್ಚಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ನೀಲಿಯೊಳಗೆ ನಮ್ಮ ಹೊಲಗಳಿಗಿಂತ ಹೆಚ್ಚು ಗೆರೆಗಳಿವೆ ಎಂಬುದು ಈಗ ಓದುತ್ತ ಕಾಣುತ್ತಿದೆ.

*

ಕಡಲಿನ ಎಲ್ಲ ಅಳತೆಗೂ ಒಂದು ಬುಡದ ಗೆರೆ ಇದೆ. ಸಾಮಾನ್ಯವಾಗಿ ಇಳಿತದ ಹೊತ್ತಿಗೆ ನೀರು ಪೂರ್ತಿ ಹಿಂದೆ ಸರಿದಾಗ ದಡದಲ್ಲಿ ಉಳಿಯುವ ಅಂಚೇ ಆ ಗೆರೆ. ಅಲ್ಲಿಂದ ಮೈಲು ಎಣಿಸುತ್ತಾರೆ. ಅದು ರಸ್ತೆಯ ಮೈಲಲ್ಲ, ನಾಟಿಕಲ್ ಮೈಲು: 1.852 ಕಿಲೋಮೀಟರು. ಭೂಮಿಯ ಸುತ್ತಳತೆಯಿಂದಲೇ ಹುಟ್ಟಿದ ಅಳತೆ ಇದು, ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು.

ಆದರೆ ಆ ಬುಡದ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಮಳೆಗಾಲ ದಡ ಕೊರೆದರೆ ಗೆರೆಯೂ ಸರಿಯುತ್ತದೆ. ನನಗೆ ಹೆಚ್ಚು ಸೋಜಿಗ ಹುಟ್ಟಿಸಿದ ಸಂಗತಿ ಇನ್ನೊಂದು. ಭಾರತದ ಕರಾವಳಿಯ ಉದ್ದ 7,516 ಕಿಲೋಮೀಟರು ಎಂದು ನಾನು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದೆ. ಸರ್ಕಾರ ಇತ್ತೀಚೆಗೆ ಮರು ಅಳತೆ ಮಾಡಿಸಿ 11,098 ಎಂದು ಹೇಳಿದೆ. ಹೊಸ ನೆಲವೇನೂ ಸೇರಿಲ್ಲ, ಅಳೆಯುವ ಕೋಲು ಸಣ್ಣದಾಗಿದೆ. ಮೊದಲು ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಅಳೆದಿದ್ದರು. ಈಗ ಪ್ರತಿ ಅಳಿವೆ, ಪ್ರತಿ ಕೊಲ್ಲಿ, ಪ್ರತಿ ಬಂಡೆಯ ಕೊಂಕನ್ನೂ ಹಿಡಿದು ಅಳೆದಿದ್ದಾರೆ. ಸರಪಳಿ ಹಿಡಿದವನಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಳ್ಳದ ದಂಡೆಯನ್ನು ನೇರ ಅಳೆದರೆ ಒಂದು ಲೆಕ್ಕ, ದಂಡೆಯ ಡೊಂಕು ಹಿಡಿದು ಅಳೆದರೆ ಇನ್ನೊಂದು ಲೆಕ್ಕ.

*

ಕಾಕಾನಿಗೆ ಹೇಳಲೆಂದು ಬರೆದುಕೊಂಡದ್ದು:

ದಡದಿಂದ 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರು, ನಮ್ಮ ಅಂಗಳ. ಅಲ್ಲಿ ನಮ್ಮ ದೇಶದ ಆಡಳಿತ ನೆಲದ ಮೇಲಿದ್ದಂತೆಯೇ ನಡೆಯುತ್ತದೆ. ಹಿಂದೆ ಇದು 3 ಮೈಲು ಇತ್ತು. ದಡದ ತೋಪಿನ ಗುಂಡು ಎಷ್ಟು ದೂರ ಬೀಳುತ್ತದೋ ಅಷ್ಟು ಎಂಬ ಹಳೆಯ ಲೆಕ್ಕ ಅದರ ಹಿಂದಿತ್ತು. ಭಾರತ 1956ರಲ್ಲಿ ಅದನ್ನು 6 ಮಾಡಿತು, 1967ರಲ್ಲಿ 12 ಮಾಡಿತು. 24 ಮೈಲಿನವರೆಗೆ ಕಳ್ಳಸಾಗಣೆ ತಡೆಯುವಂಥ ಕೆಲವು ಅಧಿಕಾರಗಳಿವೆ. 200 ಮೈಲಿನವರೆಗೆ, ಅಂದರೆ 370 ಕಿಲೋಮೀಟರು, ನಮ್ಮ ಹೊಲ ಇದ್ದಂತೆ. ಮೀನು, ಎಣ್ಣೆ, ಅನಿಲ, ಗಾಳಿ, ಅಲೆಗಳ ಶಕ್ತಿ ಎಲ್ಲವನ್ನೂ ಬಳಸುವ ಹಕ್ಕು ನಮ್ಮದು. ಆದರೆ ಬೇರೆ ದೇಶದ ಹಡಗು ಹಾದುಹೋಗುವುದನ್ನು ನಾವು ತಡೆಯುವಂತಿಲ್ಲ. ಹೊಲ ನಮ್ಮದು, ಬಂಡಿದಾರಿ ಎಲ್ಲರದು. ಇಷ್ಟನ್ನೂ ಬರೆದಿಟ್ಟ ನಮ್ಮ ಕಾಯ್ದೆ 1976ರದು. ಜಗತ್ತಿನ ದೇಶಗಳು ಕೂಡಿ ಬರೆದ ಒಪ್ಪಂದಕ್ಕೆ 1982ರ ಡಿಸೆಂಬರ್ 10ರಂದು ಜಮೈಕಾದಲ್ಲಿ ಸಹಿ ಬಿತ್ತು. ಭಾರತ ಅದನ್ನು 1995ರಲ್ಲಿ ಅಂಗೀಕರಿಸಿತು.

ಬಾಂದಗಲ್ಲು ಇಲ್ಲ ಕಾಕಾ. ಬೋಟಿನ ಜಿಪಿಎಸ್ ಪರದೆಯ ಮೇಲಿನ ಅಂಕಿಗಳೇ ಅಲ್ಲಿ ಕಲ್ಲು.

ಇಲ್ಲಿಯವರೆಗೆ ಸರಳ. ಮುಂದೆ ನನಗೆ ಗಂಟು ಬಿಡಿಸಲಾಗದ ಮಾತು ಬಂತು. ಸಂವಿಧಾನದ ಪ್ರಕಾರ 12 ಮೈಲಿನೊಳಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆಯದು ಕೇಂದ್ರದ್ದು. ಅದಕ್ಕೇ ಕರ್ನಾಟಕಕ್ಕೆ 1986ರ ತನ್ನದೇ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಆದರೆ 297ನೇ ವಿಧಿ ಏನು ಹೇಳುತ್ತದೆ? ಅದೇ 12 ಮೈಲಿನ ನೀರಿನ ತಳದಲ್ಲಿರುವ ನೆಲ, ಖನಿಜ, ಬೆಲೆಬಾಳುವ ವಸ್ತು ಎಲ್ಲವೂ ಕೇಂದ್ರಕ್ಕೆ ಸೇರಿದ್ದು. ಈಜುವ ಮೀನು ಬೆಂಗಳೂರಿನ ಲೆಕ್ಕಕ್ಕೆ, ಅದರ ಹೊಟ್ಟೆಯ ಕೆಳಗಿನ ಮರಳು ದಿಲ್ಲಿಯ ಲೆಕ್ಕಕ್ಕೆ. ಉತಾರದಲ್ಲಿ ಬೆಳೆ ಒಬ್ಬರ ಹೆಸರಿಗೆ, ಮಣ್ಣು ಇನ್ನೊಬ್ಬರ ಹೆಸರಿಗೆ ಇರುವುದು ನಮಗೂ ಗೊತ್ತು. ಅಂಥ ಹೊಲದಲ್ಲಿ ಮಣ್ಣು ತೆಗೆಯಲು ಬಂದವನನ್ನು ಬೆಳೆದವನು ಏನೆಂದು ತಡೆಯಬೇಕು?

*

ನಮ್ಮೂರಿನ ಹೆಸರು ಹೊರಗೆ ಗೊತ್ತಿರುವುದು ಕುಲಗೋಡ ತಮ್ಮಣ್ಣನಿಂದ, ಅವನ ಶ್ರೀಕೃಷ್ಣ ಪಾರಿಜಾತದಿಂದ. ಇಲ್ಲೇ ಮಗ್ಗುಲಿನ ಕೌಜಲಗಿಯ ನಿಂಗಮ್ಮ ಆಡಿ ಮೆರೆಸಿದ ಆಟ ಅದು. ರಾತ್ರಿಯಿಡೀ ಕೂತು ನೋಡಿದ ಆ ಆಟವನ್ನು ಈ ವಹಿ ಬರೆಯುತ್ತ ಬೇರೆ ಕಣ್ಣಿನಿಂದ ನೆನೆದೆ.

ಪಾರಿಜಾತ ಹುಟ್ಟಿದ್ದು ಸಮುದ್ರದಲ್ಲಿ. ದೇವತೆಗಳೂ ರಾಕ್ಷಸರೂ ಕೂಡಿ ಕಡೆದಾಗ ಮೇಲೆದ್ದ ಗಿಡ ಅದು. ಎಲ್ಲರೂ ಕೂಡಿ ದುಡಿದು ತೆಗೆದದ್ದು ಇಂದ್ರನ ತೋಟ ಸೇರಿತು. ಅಲ್ಲಿಂದ ಒಂದು ಹೂವು ನಾರದರ ಕೈಯಲ್ಲಿ ದ್ವಾರಕೆಗೆ ಬಂತು, ರುಕ್ಮಿಣಿಯ ಮುಡಿಗೇರಿತು. ಸತ್ಯಭಾಮೆ ಮುನಿದಳು. ಕಥೆಯ ಒಂದು ಪಾಠದಲ್ಲಿ ಕೃಷ್ಣ ಗಿಡವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಡುತ್ತಾನೆ, ಹೂವುಗಳು ಮಾತ್ರ ಗೋಡೆಯಾಚೆ ರುಕ್ಮಿಣಿಯ ಅಂಗಳಕ್ಕೆ ಉದುರುತ್ತವೆ.

ಬೂತಾಯಿ, ಬಂಗುಡೆ ಮೀನುಗಳ ಹಿಂಡು ಹೀಗೆಯೇ. ಮಳೆಗಾಲದಲ್ಲಿ ಕೇರಳ, ಕರ್ನಾಟಕದ ದಡಗಳಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, ಜತೆಗೆ ಸಾರವನ್ನೂ ತರುತ್ತದೆ. ಕಣ್ಣಿಗೆ ಕಾಣದ ಸಸ್ಯಜೀವಿಗಳು ಹುಲುಸಾಗುತ್ತವೆ, ಅವನ್ನು ತಿನ್ನಲು ಮೀನು ಸೇರುತ್ತದೆ. ಒಂದು ರಾಜ್ಯದ ನೀರಿನಲ್ಲಿ ಬೆಳೆದ ಮರಿ ಇನ್ನೊಂದು ರಾಜ್ಯದ ಬಲೆಗೆ ಬೀಳುತ್ತದೆ. ಮರಿಯನ್ನು ಬಿಟ್ಟವನಿಗೆ ದೊಡ್ಡ ಮೀನು ಸಿಗುತ್ತದೆಂಬ ಖಾತರಿ ಇಲ್ಲ. ಒಬ್ಬ ಬಿಟ್ಟರೆ ಮುಂದಿನವನು ಹಿಡಿಯುತ್ತಾನೆ ಎಂಬ ಅಂಜಿಕೆಯಿಂದಲೇ ಮರಿಯನ್ನೂ ಬಳಿದು ತಂದು ಮೀನುಹಿಟ್ಟಿನ ಕಾರ್ಖಾನೆಗೆ ಹಾಕುತ್ತಾರೆ. ಆ ಹಿಟ್ಟು ಕೋಳಿ, ಸಿಗಡಿಯ ಆಹಾರವಾಗುತ್ತದೆ. ಹಾಗೆಂದಮೇಲೆ ಒಳನಾಡಿನ ಕೋಳಿಫಾರ್ಮಿಗೂ ಸಮುದ್ರ ಬಂದು ಮುಟ್ಟಿದೆ.

ಅನಿಲದ ಕಥೆಯೂ ಇದೇ. ಆಂಧ್ರದ ಕಡಲಿನ ಕೃಷ್ಣಾ–ಗೋದಾವರಿ ಜಲಾನಯನದಲ್ಲಿ ಒಎನ್‌ಜಿಸಿಯ ಬ್ಲಾಕುಗಳಿಗೆ ಹತ್ತಿ ರಿಲಯನ್ಸ್‌ನ ಕೆಜಿ–ಡಿ6 ಬ್ಲಾಕು ಇದೆ. ಸಮುದ್ರದ ತಳದ ಕೆಳಗೆ ಅನಿಲದ ಪದರ ಎರಡೂ ಕಡೆ ಹಬ್ಬಿದೆ. ತನ್ನ ಕಡೆಯ ಅನಿಲ ಅತ್ತ ಹರಿದು ಹೋಗಿದೆ ಎಂದು ಒಎನ್‌ಜಿಸಿ 2014ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ಪಂಚಾಯ್ತಿದಾರರ ಮಂಡಳಿ ರಿಲಯನ್ಸ್ ಕಡೆ ತೀರ್ಪು ಕೊಟ್ಟಿತು, 2025ರ ಫೆಬ್ರವರಿಯಲ್ಲಿ ದಿಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಬೋರ್‌ವೆಲ್ಲುಗಳು. ಒಬ್ಬರು 600 ಫೂಟು ಕೊರೆಸಿದ ಮರುದಿನ ಪಕ್ಕದವರ ಬಾವಿ ಬತ್ತುತ್ತದೆ. ಮೇಲಿನ ಬದು ಮಾತ್ರ ಇದ್ದಲ್ಲೇ ಇರುತ್ತದೆ.

ಅದೇ ಕೆಜಿ–ಡಿ6ರ ಇನ್ನೊಂದು ವ್ಯಾಜ್ಯದಲ್ಲಿ, 2010ರ ಮೇ 7ರಂದು, ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು: ಈ ಅನಿಲ ದೇಶದ ಜನರ ಸ್ವತ್ತು, ಸರ್ಕಾರ ಅದನ್ನು ಜನರ ಪರವಾಗಿ ಕಾಯುವ ವಿಶ್ವಸ್ಥ. ಈ ಸಾಲಿನ ಕೆಳಗೆ ಎರಡು ಗೆರೆ ಎಳೆದುಕೊಂಡಿದ್ದೇನೆ. ಜನ ಅಂದರೆ ಕಾಕಾನೂ ಬಂದ, ನಾನೂ ಬಂದೆ.

*

ಕಾರವಾರಕ್ಕೆ ಸಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಮಕ್ಕಳು ನೀರಿನಲ್ಲಿ ಆಡುತ್ತಿದ್ದರು. ದಡದಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಹಿರಿಯರ ಹತ್ತಿರ ಕೂತೆ. ಅವರು ರಂಪಣಿಯ ಸುದ್ದಿ ಹೇಳಿದರು. ದಡದಿಂದ ಕಡಲಿಗೆ ದೋಣಿಯಲ್ಲಿ ಬಲೆ ಬಿಡುತ್ತ ಹೋಗಿ ಅರ್ಧಚಂದ್ರದ ಹಾಗೆ ಸುತ್ತಿ ಮತ್ತೆ ದಡಕ್ಕೆ ತರುವುದು. ಆಮೇಲೆ ಎರಡೂ ತುದಿಯ ಹಗ್ಗವನ್ನು ಹತ್ತಾರು ಜನ ಕೂಡಿ ಎಳೆಯುವುದು. ಬಲೆಯ ತುಂಡುಗಳು ಮನೆಮನೆಯವು, ಬಂದ ಮೀನಿನಲ್ಲಿ ಪಾಲೂ ಮನೆಮನೆಗೆ. ಮುದುಕರಿಗೆ, ವಿಧವೆಯರಿಗೆ ಬುಟ್ಟಿ ತುಂಬಿಸಿ ಕೊಡುತ್ತಿದ್ದರಂತೆ. “ಮೀನೇ ದಡದ ಹತ್ರ ಬರ್ತಿತ್ತು, ನಾವು ಕಾಯ್ತಿದ್ವಿ” ಎಂದರು.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತಿ, ಚೀಲದ ಬಾಯಿ ಬಿಗಿದ ಹಾಗೆ ಬಲೆಯ ತಳ ಬಿಗಿದು ಎತ್ತಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಆಗ ದಡದಲ್ಲಿ ದೊಡ್ಡ ಜಗಳಗಳೇ ಆದವು. 1986ರ ಕಾಯ್ದೆ, ದಡದ ಹತ್ತಿರದ ಪಟ್ಟಿಯನ್ನು ನಾಡದೋಣಿಯವರಿಗೆ ಮೀಸಲಿಡುವ ನಿಯಮ, ಇಂಥವೆಲ್ಲ ಅಂಥ ಜಗಳಗಳ ಬೆನ್ನಿಗೇ ಬಂದವು. ಮುಂದೆ ಎರಡು ಬೋಟು ಕೂಡಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಬಂತು. ರಾತ್ರಿ ಎಲ್‌ಇಡಿ ದೀಪ ಹಚ್ಚಿ ಮೀನು ಸೆಳೆಯುವುದು ಬಂತು. ಇವೆರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್ 10ರಂದು ನಿಷೇಧಿಸಿತು. ಆದರೂ ನಾಡದೋಣಿಯವರು ದೀಪದ ಬೋಟುಗಳ ವಿರುದ್ಧ ಮನವಿ ಕೊಡುವ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ. ನಡುಕಡಲಿನ ರಾತ್ರಿಯಲ್ಲಿ ಕಾಯುವವರು ಎಷ್ಟು ಜನ ಇರಬಲ್ಲರು?

ಒಂದು ನಿಯಮ ಮಾತ್ರ ಹೆಚ್ಚೂಕಡಿಮೆ ಎಲ್ಲರೂ ಪಾಲಿಸುವಂಥದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಮ್ಮ ಕೂರಿಗೆ ಹೊಲಕ್ಕೆ ಇಳಿಯುವ ಹೊತ್ತಿಗೆ ಅವರ ಬೋಟು ದಡಕ್ಕೆ ಏರುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು. ಈ ನಿಯಮ ನಡೆಯುವುದಕ್ಕೆ ಕಾರಣ ಏನಿರಬಹುದೆಂದು ಯೋಚಿಸಿದೆ. ಒಂದು, ಆ ತಿಂಗಳುಗಳಲ್ಲಿ ಕಡಲೇ ಒಳಗೆ ಬಿಡುವುದಿಲ್ಲ. ಇನ್ನೊಂದು, ಎಲ್ಲರ ಬೋಟೂ ಬಂದರಿನಲ್ಲಿ ಎಲ್ಲರ ಕಣ್ಣೆದುರಿಗೇ ಕಟ್ಟಿರುತ್ತದೆ. ಪಕ್ಕದವನೂ ಹೋಗಿಲ್ಲ ಎಂಬ ನೆಮ್ಮದಿ ಅದು.

*

ಉಪ್ಪು. ಅಡುಗೆಮನೆಯ ಡಬ್ಬಿಯಲ್ಲಿ ಸಮುದ್ರ ಮೊದಲಿನಿಂದಲೂ ನಮ್ಮ ಮನೆಯಲ್ಲಿದೆ. ಬೆಳಗಾವಿಯೂ ಉತ್ತರ ಕನ್ನಡವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1930ರ ಏಪ್ರಿಲ್ 13ರಂದು, ಅಂಕೋಲೆಯ ದಡದಲ್ಲಿ ಜನ ಉಪ್ಪು ಮಾಡಿ ಸರ್ಕಾರದ ಕಾಯ್ದೆ ಮುರಿದರು. ಸಮುದ್ರದಿಂದ ಬರುವ ಸ್ವತ್ತು ಯಾರದು ಎಂಬ ಪ್ರಶ್ನೆಯನ್ನು ಕನ್ನಡ ನಾಡು ಆಗಲೇ ಗಟ್ಟಿಯಾಗಿ ಕೇಳಿತ್ತು.

*

ಘಟಪ್ರಭೆಯ ಬಗ್ಗೆ ನನಗೆ ಹಳೆಯ ಸೋಜಿಗ ಒಂದಿದೆ. ಅದು ಹುಟ್ಟುವುದು ಅರಬ್ಬಿ ಸಮುದ್ರಕ್ಕೆ ತೀರ ಹತ್ತಿರದ ಸಹ್ಯಾದ್ರಿಯಲ್ಲಿ. ಹುಟ್ಟಿದ ಕೂಡಲೇ ಹತ್ತಿರದ ಸಮುದ್ರಕ್ಕೆ ಬೆನ್ನು ಮಾಡಿ ಮೂಡಣಕ್ಕೆ ಹರಿಯುತ್ತದೆ. ಹಿಡಕಲ್, ಧೂಪದಾಳ, ಗೋಕಾಕ ಫಾಲ್ಸು, ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆ. ಅಲ್ಲಿಂದ ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು. ಇಷ್ಟು ಬಾಗಿಲು ದಾಟಿ ಉಳಿದದ್ದು ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿ ಸೇರಬೇಕು.

ಈ ಸೀಮೆಯಲ್ಲಿ ಸಭೆ ನಡೆದಲ್ಲೆಲ್ಲ ಒಂದು ಮಾತು ಕೇಳುತ್ತೇವೆ: ಇಷ್ಟು ಟಿಎಂಸಿ ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ. ನಾನೂ ಆ ಮಾತು ಆಡಿದವನೇ. ನೀರಿಗಾಗಿ ಕಾಲುವೆಯ ಮೇಲೆ ರಾತ್ರಿ ಕಾದವನಿಗೆ ಹಾಗನ್ನಿಸುವುದು ಸಹಜ. ಈಗ ಆ ಮಾತಿನ ಮುಂದೆ ನಿಂತು ಕೇಳುತ್ತಿದ್ದೇನೆ, ವ್ಯರ್ಥ ಯಾರಿಗೆ?

ನದಿಯ ಸಿಹಿನೀರು ಅಳಿವೆಯಲ್ಲಿ ಉಪ್ಪುನೀರಿಗೆ ಬೆರೆಯುವಲ್ಲಿ ಸಿಗಡಿ, ಏಡಿ, ಎಷ್ಟೋ ಮೀನಿನ ಮರಿಗಳು ಬೆಳೆಯುತ್ತವೆ. ಕಾಂಡ್ಲಾಗಿಡಗಳ ಬೇರಿನ ಸಂದಿ ಅವುಗಳ ತೊಟ್ಟಿಲು. ನದಿ ತಂದ ಹೂಳೇ ಕೃಷ್ಣೆಯ ಮುಖಜಭೂಮಿಯನ್ನು ಕಟ್ಟಿದ್ದು. ನದಿಗಳು ಕೋಟ್ಯಂತರ ವರ್ಷ ತಂದು ಹಾಕಿದ ಹೂಳಿನ ಪದರಗಳಲ್ಲೇ ಆ ಕೃಷ್ಣಾ–ಗೋದಾವರಿ ಅನಿಲವೂ ಕೂತಿರುವುದು. ಕೃಷ್ಣೆ ಹೊತ್ತ ಮಣ್ಣಿನಲ್ಲಿ ಘಟಪ್ರಭೆಯದೂ ಸೇರಿದೆ. ಈಗ ಆ ಹೂಳಿನ ಬಹುಪಾಲು ಅಣೆಕಟ್ಟುಗಳ ಹಿಂದೆಯೇ ನಿಲ್ಲುತ್ತದೆ, ಮುಖಜಭೂಮಿಯ ದಡ ಸವೆಯುತ್ತಿದೆ. 2001ರಿಂದ 2004ರವರೆಗಿನ ಬರದ ವರ್ಷಗಳಲ್ಲಿ ಕೃಷ್ಣೆಯ ನೀರು ಸಮುದ್ರಕ್ಕೆ ಸೇರಲೇ ಇಲ್ಲ ಎನ್ನುವಷ್ಟು ಕಡಿಮೆ ಸೇರಿತು.

ಕಾಲುವೆಯ ತುದಿಯ ಹೊಲದವರ ಪಾಡು ನಮ್ಮ ಸೀಮೆಗೆ ಹೇಳಿಕೊಡಬೇಕಾಗಿಲ್ಲ. ತಲೆಯ ಹೊಲದವರು ಕಬ್ಬಿಗೆ ಕುಡಿಸಿ ಬಿಟ್ಟರೆ ತುದಿಗೆ ತೇವ ಮುಟ್ಟುವುದಿಲ್ಲ. ತುದಿಯವರು ನೀರಾವರಿ ಆಫೀಸಿಗೆ ಹೋಗುತ್ತಾರೆ, ಧರಣಿ ಕೂಡುತ್ತಾರೆ. ಕೃಷ್ಣೆಯ ಕಟ್ಟಕಡೆಯ ತುದಿಹೊಲ ಸಮುದ್ರ. ಅದು ಅರ್ಜಿ ಕೊಡುವುದಿಲ್ಲ. ಅದರ ಬದಲಿಗೆ ಅಲ್ಲಿನ ಬೆಸ್ತರು ಬರಿಗೈಯಲ್ಲಿ ದಡಕ್ಕೆ ಬರುತ್ತಾರೆ. ಕಾಯ್ದೆಯವರು ಸಮುದ್ರವನ್ನು ಇಳಿತದ ಗೆರೆಯಿಂದ ಅಳೆಯಲಿ. ನನ್ನ ಲೆಕ್ಕದಲ್ಲಿ ಅದು ಧೂಪದಾಳದ ಗೇಟಿನಿಂದಲೇ ಶುರುವಾಗುತ್ತದೆ.

*

ಒಂದು ವಿಧಿ ಓದಿ ನಿಜಕ್ಕೂ ಸಂತೋಷವಾಯಿತು. ಜಗತ್ತಿನಲ್ಲಿ ಸಮುದ್ರವೇ ಇಲ್ಲದ 44 ದೇಶಗಳಿವೆ. ನಮ್ಮ ಮಗ್ಗುಲಿನ ನೇಪಾಳ, ಭೂತಾನ ಅಂಥವು. 1982ರ ಒಪ್ಪಂದದ 69ನೇ ವಿಧಿ ಅವರಿಗೂ ಪಾಲು ಇಟ್ಟಿದೆ. ಕರಾವಳಿಯ ದೇಶ ತನಗೆ ಹಿಡಿಯಲಾಗುವಷ್ಟು ಹಿಡಿದು ಮಿಕ್ಕ ಮೀನಿನಲ್ಲಿ ಅದೇ ಸೀಮೆಯ ಒಳನಾಡಿನ ದೇಶಕ್ಕೂ ನ್ಯಾಯವಾದ ಪಾಲು ಸಿಗಬೇಕು. ರೂಢಿಯಲ್ಲಿ ಎಷ್ಟು ಸಿಗುತ್ತದೆ ಎಂಬುದು ಬೇರೆ ಮಾತು. ದಡ ಇಲ್ಲದವನಿಗೂ ಕಡಲಿನಲ್ಲಿ ಹಕ್ಕಿದೆ ಎಂದು ದೇಶಗಳು ಕೂತು ಬರೆದವಲ್ಲ, ಆ ಬರಹಕ್ಕೆ ನಾನು ಕೈಮುಗಿಯುತ್ತೇನೆ.

200 ಮೈಲಿನಾಚೆ, ಯಾವ ದೇಶದ ತಳದ ಹಕ್ಕೂ ಮುಟ್ಟದಲ್ಲಿ, ಕಡಲಿನ ತಳ ಮನುಷ್ಯಕುಲಕ್ಕೆಲ್ಲ ಸೇರಿದ್ದು. ಈ ಮಾತನ್ನು ಜಗತ್ತಿನ ಮುಂದೆ ಇಟ್ಟವರು ಮಾಲ್ಟಾ ಎಂಬ ಪುಟ್ಟ ದ್ವೀಪದ ಪ್ರತಿನಿಧಿ ಅರ್ವಿಡ್ ಪಾರ್ಡೊ, 1967ರ ನವೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ. ನಮ್ಮ ಮಾತಿನಲ್ಲಿ ಅದು ಗಾಯರಾಣ. ಯಾರ ಹೆಸರಿಗೂ ಉತಾರ ಇಲ್ಲ, ಎಲ್ಲರ ದನವೂ ಮೇಯಬಹುದು. ಅದನ್ನು ನೋಡಿಕೊಳ್ಳಲು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಒಂದು ಪ್ರಾಧಿಕಾರವಿದೆ. ಅಲ್ಲಿಂದ ಭಾರತಕ್ಕೆ ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರು ತಳವನ್ನು ಹುಡುಕಿ ನೋಡುವ ಗುತ್ತಿಗೆ 2002ರಲ್ಲಿ ಸಿಕ್ಕಿತು. ಅಲ್ಲಿ ಆಲೂಗಡ್ಡೆ ಗಾತ್ರದ ಕರಿ ಗಂಟುಗಳು ಹಾಸಿಕೊಂಡಿವೆ: ಮ್ಯಾಂಗನೀಸು, ನಿಕಲ್, ತಾಮ್ರ, ಕೋಬಾಲ್ಟು. ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಯವರು 1981ರ ಜನವರಿ 26ರಂದು ಗವೇಷಣಿ ಹಡಗಿನಿಂದ ಅಂಥ ಮೊದಲ ಗಂಟು ಎತ್ತಿದರು. ಒಂದು ಗಂಟು ಕೆಲವೇ ಮಿಲಿಮೀಟರು ದಪ್ಪವಾಗಲು ಹತ್ತು ಲಕ್ಷ ವರ್ಷ ಬೇಕು.

ಪೆರು ದೇಶದಾಚೆಯ ಕಡಲಿನಲ್ಲಿ 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಇಂಥ ಗಂಟುಗಳಿರುವ ತಳದ ಮೇಲೆ ನೇಗಿಲಿನಂಥ ಯಂತ್ರ ಎಳೆದರು. 26 ವರ್ಷ ಬಿಟ್ಟು 2015ರಲ್ಲಿ ಹೋಗಿ ನೋಡಿದರೆ ಸಾಲುಗಳು ನಿನ್ನೆ ಎಳೆದ ಹಾಗೇ ಇದ್ದವು. ಅಲ್ಲಿನ ಜೀವಿಗಳು ಪೂರ್ತಿ ಮರಳಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಾನು ಎಳೆದ ಸಾಲು ಒಂದು ಮಳೆಗೆ ಮುಚ್ಚುತ್ತದೆ, ಮರುವರ್ಷ ಅದೇ ನೆಲ ಜೋಳ ಕೊಡುತ್ತದೆ. ಉತ್ತ ಗಾಯ ಮಾಯದ ನೆಲವೂ ಭೂಮಿಯ ಮೇಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಗಾಯರಾಣಗಳಿಗೆ ನಮ್ಮ ಹಳ್ಳಿಗಳಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತಿದೆ. ಮೊದಲು ಒಬ್ಬ ಬಣವೆ ಒಟ್ಟಿದ, ಆಮೇಲೆ ಕೊಟ್ಟಿಗೆ ಹಾಕಿದ, ಆಮೇಲೆ ಉತಾರದಲ್ಲಿ ಹೆಸರು ಬಂತು.

*

ಮತ್ತೆ ದಡಕ್ಕೆ. ಸಮುದ್ರದ ಖನಿಜಗಳ 2002ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು, ಹರಾಜಿನ ದಾರಿ ತೆರೆಯಿತು. 2024ರ ನವೆಂಬರಿನಲ್ಲಿ 13 ಬ್ಲಾಕುಗಳ ಹರಾಜು ಪ್ರಕಟವಾಯಿತು. ಗುಜರಾತಿನ ಕಡಲಿನಲ್ಲಿ ಸುಣ್ಣದ ಕೆಸರು, ಗ್ರೇಟ್ ನಿಕೋಬಾರಿನ ಕಡಲಿನಲ್ಲಿ ಅವೇ ಲೋಹದ ಗಂಟುಗಳು, ಕೇರಳದ ಕೊಲ್ಲಂ ಕಡಲಿನಲ್ಲಿ ಕಟ್ಟಡದ ಮರಳು. ಕೊಲ್ಲಂನ ಆ ತಳ ಮೀನು ಸೇರುವ ಹೆಸರುವಾಸಿ ಜಾಗ. 2025ರಲ್ಲಿ ಅಲ್ಲಿನ ಮೀನುಗಾರರು ಕೆಲಸ ನಿಲ್ಲಿಸಿ ವಿರೋಧಿಸಿದರು, ಕೇರಳ ವಿಧಾನಸಭೆ ವಿರೋಧದ ನಿರ್ಣಯ ಮಾಡಿತು. ಮೀನು ಒಬ್ಬರದು, ಮರಳು ಇನ್ನೊಬ್ಬರದು ಎಂದು ಈ ವಹಿಯ ಮೊದಲ ಪುಟಗಳಲ್ಲಿ ಬರೆದುಕೊಂಡಿದ್ದೆನಲ್ಲ, ಆ ಗಂಟು ನನಗೆ ಮತ್ತೆ ನೆನಪಾಯಿತು.

ನದಿಯ ಮರಳು ಮುಗಿಸಿದ ಕಥೆ ನಾವು ಘಟಪ್ರಭೆಯಲ್ಲಿ ಕಣ್ಣಾರೆ ಕಂಡವರು. ಮರಳು ಹೋದಲ್ಲಿ ಗುಂಡಿ ಬಿತ್ತು, ದಂಡೆಯ ಬಾವಿಗಳು ಬತ್ತಿದವು. ಸಮುದ್ರದ ತಳದಲ್ಲಿ ಆ ಗುಂಡಿಯನ್ನು ನೋಡುವವರೇ ಇರುವುದಿಲ್ಲ. ಮರಳು ತೆಗೆಯುವ ಮೊದಲು ಆ ನೀರಿನಲ್ಲಿ ದುಡಿಯುವವರ ಒಪ್ಪಿಗೆ ಪಡೆಯಬೇಕು. ಅವರು ಬೇಡವೆಂದರೆ ಬಿಡಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಆ 2023ರ ತಿದ್ದುಪಡಿ ಆಗಸ್ಟ್ 1ರಂದು ಲೋಕಸಭೆಯಲ್ಲಿ, 3ರಂದು ರಾಜ್ಯಸಭೆಯಲ್ಲಿ ಪಾಸಾಯಿತು. ಮಣಿಪುರದ ವಿಷಯಕ್ಕೆ ಸದನದಲ್ಲಿ ಗದ್ದಲ ನಡೆದಿದ್ದ ದಿನಗಳವು. ಸಮುದ್ರದ ತಳ ಕೇಂದ್ರಕ್ಕೆ ಸೇರಿದ್ದಾದ್ದರಿಂದ ಅದರ ಮಸೂದೆಗೆ ಮತ ಹಾಕುವವರು ಕರಾವಳಿಯ ಸಂಸದರಷ್ಟೇ ಅಲ್ಲ. ಬೆಳಗಾವಿಯಿಂದ, ಚಿಕ್ಕೋಡಿಯಿಂದ, ಬಾಗಲಕೋಟೆಯಿಂದ ಹೋದವರೂ ಹಾಕುತ್ತಾರೆ. ಅಲ್ಲಿ ನಮ್ಮ ಕೈಯೂ ಇದೆ.

ಕಾಕಾನಿಗೆ ಇದನ್ನೆಲ್ಲ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಕೇಳಬೇಕಲ್ರೀ ಅವ್ರನ್ನ” ಎಂದ. ಅವನ ಮಗ ಜೂನ್ ಮೊದಲ ವಾರ ಊರಿಗೆ ಬರುತ್ತಾನೆ, ಬಿತ್ತನೆಗೆ.

ಓದುವ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಇನ್ನೊಮ್ಮೆ ನೀರಿನ ಸಭೆಯಲ್ಲಿ ಯಾರಾದರೂ ಸಮುದ್ರಕ್ಕೆ ಹರಿದದ್ದು ವ್ಯರ್ಥ ಎಂದರೆ ಎದ್ದು ನಿಂತು, ಅಳಿವೆಗೆ ಎಷ್ಟು ನೀರು ಬೇಕೆಂದು ಲೆಕ್ಕ ಹಾಕಿದ್ದೀರಾ ಎಂದು ಕೇಳಿ. ಮತ ಕೇಳಲು ಮನೆಗೆ ಬಂದ ಸಂಸದರಿಗೆ ಚಹಾ ಕೊಟ್ಟು, ಸಮುದ್ರದ ಮಸೂದೆ ಬಂದ ದಿನ ನೀವು ಸದನದಲ್ಲಿದ್ದು ಏನು ಮಾತಾಡಿದಿರಿ ಎಂದು ಕೇಳಿ.